ತಿರುವಿನಲ್ಲಿ ಎಂಜಿನ್ ಕೈಕೊಡುತ್ತಿದೆಯೇ? ಆಟೊಕ್ರಾಸ್ ಓಡುವ ಹಳೇ ಕಮಾರೊಗೆ ದೋಷ ನಿವಾರಣೆ ಕೈಪಿಡಿ

ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ರಸ್ತೆಯಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ. ಹೈವೇಯಲ್ಲಿ ಎಳೆತಕ್ಕೆ ಕೊರತೆ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಐಡ್ಲಿಂಗ್‌ನಲ್ಲೂ ತಕರಾರಿಲ್ಲ. ಕೋನ್‌ಗಳ ನಡುವೆ ಬಿಟ್ಟು ಜೋರಾಗಿ ತಿರುಗಿಸಿದರೆ ಮಾತ್ರ ಮಿಸ್ ಹೊಡೆಯುತ್ತದೆ, ಮುಕ್ಕರಿಸುತ್ತದೆ, ಕೆಲವೊಮ್ಮೆ ಒಂದೇ ಸಲಕ್ಕೆ ಆಫ್ ಆಗಿಬಿಡುತ್ತದೆ. ಗಾಡಿಗಳು ಸರದಿಗೆ ಕಾಯುವ ಗ್ರಿಡ್‌ಗೆ ವಾಪಸ್ ತಂದು ಬಾನೆಟ್ ಎತ್ತಿದರೆ ಏನೂ ಆಗಿಲ್ಲ ಅನ್ನುವ ಹಾಗೆ ಗುರುಗುಡುತ್ತಾ ನಿಂತಿರುತ್ತದೆ. ಸುತ್ತ ಸೇರಿದವರೆಲ್ಲ ಕಾರ್ಬ್ಯುರೇಟರ್ ಕಡೆ ಕೈ ತೋರಿಸುತ್ತಾರೆ.

ಅವರು ಹೇಳಿದ್ದೇ ಸರಿ ಇರಬಹುದು. ಆದರೆ ಇದೇ ಲಕ್ಷಣ ಕೊಡುವ ಜಾಗಗಳು ಇನ್ನೂ ಹಲವು ಇವೆ. ಅದರಲ್ಲಿ ಒಂದು ಎಂಜಿನ್ನನ್ನೇ ಮುಗಿಸಿಬಿಡುವಂಥದ್ದು. ಪಾನಾ ಕೈಗೆ ತೆಗೆದುಕೊಳ್ಳುವ ಮುಂಚೆ ಎರಡು ವಿಷಯ ಗೊತ್ತಿರಬೇಕು. ತಿರುವಿನ ಯಾವ ಹಂತದಲ್ಲಿ ಎಂಜಿನ್ ಸೋತಿತು? ಯಾವ ಕಡೆ ತಿರುಗುವಾಗ ಸೋತಿತು? ಇವಕ್ಕೆ ಉತ್ತರ ಇಲ್ಲದೆ ಪಾರ್ಟ್ ಬದಲಾಯಿಸುತ್ತಾ ಹೋದರೆ ಖರ್ಚಿಗೆ ಕೊನೆಯಿಲ್ಲ.

ಯಾವ ಗಾಡಿ, ಎಂಥ ಓಟ

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು 1967ರಿಂದ 1969ರವರೆಗಿನ ಮೊದಲ ತಲೆಮಾರಿನ ಷೆವ್ರೊಲೆ ಕಮಾರೊ. 350 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ವಿ8 ಎಂಜಿನ್, ಅದರ ಮೇಲೆ ಹಾಲಿ (Holley) ಕಂಪನಿಯ, ಗಾಳಿ ಹೋಗುವ ನಾಲ್ಕು ಬ್ಯಾರೆಲ್ ಇರುವ ಕಾರ್ಬ್ಯುರೇಟರ್. ಕಮಾರೊಗೂ ಹಾಲಿಗೂ ಹಳೇ ನಂಟು. ಟ್ರಾನ್ಸ್-ಆಮ್ ರೇಸ್‌ಗಾಗಿ ಮಾಡಿದ ಝಡ್/28 ಮಾದರಿಯ 302 ಎಂಜಿನ್‌ಗೆ ಕಾರ್ಖಾನೆಯಲ್ಲೇ ಹಾಲಿ ಕೂರಿಸುತ್ತಿದ್ದರು. ಮಾರ್ಕ್ ಡೊನೊಹ್ಯು ಓಡಿಸಿದ ಕಮಾರೊಗಳಿಂದಾಗಿ 1968, 1969 ಎರಡೂ ವರ್ಷ ಆ ಚಾಂಪಿಯನ್‌ಶಿಪ್ ಷೆವ್ರೊಲೆ ಪಾಲಾಯಿತು. ನಿಮ್ಮ ಹತ್ತಿರ ಇರುವುದು ಮಸ್ಟಾಂಗ್ ಅಥವಾ ಡಾರ್ಟ್ ಆಗಿದ್ದರೂ ಹುಡುಕುವ ದಾರಿ ಇದೇ. ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಆಯಿಲ್ ಪ್ಯಾನ್‌ನ ಆಕಾರ, ಸಿಲಿಂಡರ್‌ಗಳು ಉರಿಯುವ ಸರದಿ ಅಂದರೆ ಫೈರಿಂಗ್ ಆರ್ಡರ್, ಇಂಥವು ಮಾತ್ರ ಬೇರೆ.

ಊರಲ್ಲಿ ಚಿಕ್ಕಮಗಳೂರು ಕಡೆಯ ಓಟ ನೋಡಿದವರಿಗೆ ಆಟೊಕ್ರಾಸ್ ಅಂದ ಕೂಡಲೇ ಮಣ್ಣು, ಧೂಳು ಕಣ್ಣಮುಂದೆ ಬರುತ್ತದೆ. ಅಮೆರಿಕದಲ್ಲಿ ಎಸ್‌ಸಿಸಿಎ (ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ) ನಡೆಸುವ ಸೋಲೊ ಅನ್ನುವ ಆಟೊಕ್ರಾಸ್ ಹಾಗಲ್ಲ. ಹಳೇ ರನ್‌ವೇ ಅಥವಾ ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಕೋನ್ ಇಟ್ಟು ದಾರಿ ಮಾಡಿರುತ್ತಾರೆ. ಗಡಿಯಾರದ ಜೊತೆ ಓಟ, ಒಂದು ರನ್ ಒಂದು ನಿಮಿಷದ ಆಸುಪಾಸು. ಕೋನ್ ಬೀಳಿಸಿದರೆ ಒಂದಕ್ಕೆ 2 ಸೆಕೆಂಡ್ ದಂಡ. ಹಳೇ ಮಸಲ್ ಕಾರುಗಳು ಓಡುವುದು ಸಿಎಎಮ್-ಟಿ (ಕ್ಲಾಸಿಕ್ ಅಮೆರಿಕನ್ ಮಸಲ್, ಟ್ರೆಡಿಷನಲ್) ಅನ್ನುವ ವರ್ಗದಲ್ಲಿ. ಅಲ್ಲಿ ಎಂಜಿನ್‌ಗೆ ಏನು ಬೇಕಾದರೂ ಮಾಡಿಕೊಳ್ಳಬಹುದು. ಟೈರ್ ಎಷ್ಟು ಸವೆತ ತಡೆಯುತ್ತದೆ ಅಂತ ಹೇಳುವ ಟ್ರೆಡ್‌ವೇರ್ ಸಂಖ್ಯೆ ಮಾತ್ರ 200ಕ್ಕಿಂತ ಕೆಳಗಿರಬಾರದು.

ತೊಂದರೆಯ ಮೂಲ ಆ ಟೈರ್‌ನಲ್ಲೇ ಇದೆ. ಈ ಗಾಡಿ ಹುಟ್ಟಿದಾಗ ಅದಕ್ಕಿದ್ದದ್ದು ಬಯಸ್-ಪ್ಲೈ ಟೈರ್. ಜಾಸ್ತಿ ಜೋರಾಗಿ ತಿರುಗಿಸಿದರೆ ಟೈರೇ ಮೊದಲು ಜಾರುತ್ತಿತ್ತು. ಈಗಿನ 200 ಟ್ರೆಡ್‌ವೇರ್ ಟೈರ್, ಗಟ್ಟಿ ಸ್ವೇ ಬಾರ್, ಮುಂದಿನ ಮೇಲಿನ ಕಂಟ್ರೋಲ್ ಆರ್ಮ್ ಕೆಳಗಿಳಿಸುವ ಗಲ್ಡ್‌ಸ್ಟ್ರಾಂಡ್ ಮಾರ್ಪಾಡು, ಇಷ್ಟು ಸೇರಿದರೆ ಅಡ್ಡ ಎಳೆತ 1 ಜಿ ಹತ್ತಿರ, ಅಂದರೆ ಹೆಚ್ಚುಕಮ್ಮಿ ಗಾಡಿಯ ತೂಕದಷ್ಟೇ, ಹೋಗುತ್ತದೆ. 1 ಜಿ ಅಂದರೆ ಟ್ಯಾಂಕ್, ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಸಣ್ಣ ತೊಟ್ಟಿ ಅಂದರೆ ಬೌಲ್, ಆಯಿಲ್ ಪ್ಯಾನ್, ಎಲ್ಲದರೊಳಗಿನ ದ್ರವದ ಮೇಲ್ಮೈ 45 ಡಿಗ್ರಿ ವಾಲುತ್ತದೆ. ಬಸ್ಸು ಘಾಟಿಯ ತಿರುವಲ್ಲಿ ಹೋಗುವಾಗ ಕೈಲಿರುವ ಕಾಫಿ ಲೋಟ ನೆನಪಿಸಿಕೊಳ್ಳಿ. ಹಾಗಾಗಿ "ಸಸ್ಪೆನ್ಷನ್ ಕೆಲಸ ಮಾಡಿಸಿದ ಮೇಲೆ ಎಂಜಿನ್ ಹಾಳಾಯ್ತು" ಅಂತ ಯಾರಾದರೂ ಹೇಳಿದರೆ ನಗಬೇಡಿ. ಎಂಜಿನ್ ಹಾಳಾಗಿರಲಿಕ್ಕಿಲ್ಲ, ಆದರೆ ಎರಡಕ್ಕೂ ಸಂಬಂಧ ಖಂಡಿತ ಇದೆ.

ಮೊದಲು ಆಯಿಲ್ ಪ್ರೆಶರ್

ಪೆಟ್ರೋಲ್ ಸಿಗದಿದ್ದರೆ ಎಂಜಿನ್ ಗಲಾಟೆ ಮಾಡಿ ಹೇಳುತ್ತದೆ. ಆಯಿಲ್ ಸಿಗದಿದ್ದರೆ ಏನೂ ಹೇಳುವುದಿಲ್ಲ. ಬೇರಿಂಗ್ ಸವೆದ ಮೇಲೆ ಹೇಳುತ್ತದೆ. ಅದಕ್ಕೇ ದೂರು ಏನೇ ಇರಲಿ, ಮೊದಲು ಇದನ್ನು ನೋಡಿ.

ಸ್ಮಾಲ್ ಬ್ಲಾಕ್ ಷೆವ್ರೊಲೆಯ ಆಯಿಲ್ ಪ್ಯಾನ್ ಹಿಂಭಾಗದಲ್ಲಿ ಆಳ. ಪಿಕಪ್ ಅನ್ನುವ ಕೊಳವೆ ಮೂಲಕ ಪಂಪ್ ಅಲ್ಲಿಂದ ಹೀರುತ್ತದೆ. ಉದ್ದನೆಯ ತಿರುವಿನಲ್ಲಿ ಆಯಿಲ್ ಒಂದು ಪಕ್ಕದ ಗೋಡೆ ಹತ್ತುತ್ತದೆ, ಪಿಕಪ್ ಗಾಳಿ ಹೀರುತ್ತದೆ. ಮೂಲ ಪ್ಯಾನ್ ಹಿಡಿಸುವುದು ಫಿಲ್ಟರ್ ಸೇರಿ 5 ಕ್ವಾರ್ಟ್, ಅಂದರೆ ಹತ್ತಿರ ಹತ್ತಿರ 4.7 ಲೀಟರ್. ಎಂಜಿನ್ ಜೋರಾಗಿ ತಿರುಗುವಾಗ ಅದರಲ್ಲಿ ಒಂದು ಪಾಲು ಮೇಲೆ, ವಾಲ್ವ್ ಕವರ್ ಒಳಗಡೆಯೇ ಇರುತ್ತದೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನಂಬಬೇಡಿ. ಅದು ಹತ್ತಿಕೊಳ್ಳುವಷ್ಟರಲ್ಲಿ ತಡ ಆಗಿರುತ್ತದೆ. ಸೂಜಿ ಇರುವ ಗೇಜ್ ಬೇಕು. ಗ್ಯಾರೇಜ್ ಮಂದಿಯ ಹಳೇ ಲೆಕ್ಕ ಅಂದರೆ 1000 ಆರ್‌ಪಿಎಮ್‌ಗೆ 10 ಪಿಎಸ್‌ಐ. 5000ದಲ್ಲಿ 50 ಇದ್ದರೆ ನಿಶ್ಚಿಂತೆ. ನೇರ ದಾರಿಯಲ್ಲಿ 50 ಇದ್ದ ಸೂಜಿ ತಿರುವಲ್ಲಿ 20ಕ್ಕೋ 10ಕ್ಕೋ ಇಳಿದರೆ ಅವತ್ತಿನ ಓಟ ಅಲ್ಲಿಗೆ ಸಾಕು. ಇನ್ನೊಂದು ರನ್ ನೋಡೋಣ ಅನ್ನುವ ಆಸೆ ಬೇಡ. ಎಷ್ಟೋ ಜನ ಒಂದು ಕ್ವಾರ್ಟ್ ಆಯಿಲ್ ಜಾಸ್ತಿ ಹಾಕಿ ಓಡಿಸುತ್ತಾರೆ. ಅದು ತಾತ್ಕಾಲಿಕ ಉಪಾಯ. ಸರಿಯಾದ ಪರಿಹಾರ ಅಂದರೆ ಒಳಗೆ ತಡೆಗೋಡೆ, ಒಂದೇ ದಿಕ್ಕಿಗೆ ತೆರೆಯುವ ಸಣ್ಣ ಬಾಗಿಲುಗಳು ಇರುವ ರೋಡ್ ರೇಸ್ ಪ್ಯಾನ್.

ಕ್ಯಾಮೆರಾ ಕಟ್ಟಿ

ಓಡಿಸುತ್ತಿರುವವರಿಗೆ ಗೇಜ್ ನೋಡಲು ಪುರುಸೊತ್ತಿರುವುದಿಲ್ಲ. ರನ್ ಮುಗಿಸಿ ಬಂದು "ಎಲ್ಲಿ ಮಿಸ್ ಹೊಡೀತು?" ಅಂತ ಕೇಳಿದರೆ "ಅಲ್ಲೇ, ಆ ತಿರುವಲ್ಲಿ" ಅನ್ನುತ್ತಾರೆ. ಅದು ಸಾಲದು. ತಿರುವಿಗೆ ಹೊಗುವಾಗಲೋ, ನಡುವೆಯೋ, ಹೊರಬರುವಾಗಲೋ ಅನ್ನುವುದರಲ್ಲೇ ಎಲ್ಲ ಇದೆ.

ಒಂದು ಸಣ್ಣ ಕ್ಯಾಮೆರಾವನ್ನು ಟ್ಯಾಕೋಮೀಟರ್, ಆಯಿಲ್ ಗೇಜ್ ಎರಡೂ ಕಾಣುವ ಹಾಗೆ ಗಟ್ಟಿಯಾಗಿ ಬಿಗಿಯಿರಿ. ಸಡಿಲವಾಗಿ ಏನಾದರೂ ಇದ್ದರೆ ಓಟಕ್ಕೆ ಮುಂಚಿನ ಟೆಕ್ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ. ಫ್ಯೂಯಲ್ ಪ್ರೆಶರ್ ಗೇಜ್ ಕೂಡ ಕಾಣಬೇಕು. ಆದರೆ ಪೆಟ್ರೋಲ್ ತುಂಬಿದ ಪೈಪ್ ಕ್ಯಾಬಿನ್ ಒಳಗೆ ಬರಕೂಡದು, ಯಾವ ಕಾರಣಕ್ಕೂ. ಒಂದೋ ಒತ್ತಡವನ್ನು ವೈರ್ ಮೂಲಕ ಗೇಜ್‌ಗೆ ತಿಳಿಸುವ ಎಲೆಕ್ಟ್ರಿಕ್ ಸೆಂಡರ್ ಹಾಕಿಸಿ. ಇಲ್ಲವೇ ಮೆಕ್ಯಾನಿಕಲ್ ಗೇಜನ್ನು ಹೊರಗಡೆ, ವೈಪರ್ ಹತ್ತಿರ, ವಿಂಡ್‌ಶೀಲ್ಡ್ ಮೂಲಕ ಕಾಣುವ ಜಾಗದಲ್ಲಿ ಬಿಗಿಯಿರಿ. ಡಿಜಿಟಲ್ ಲಾಗರ್ ಇದ್ದರೆ ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಈ ವಿಡಿಯೊ ಧಾರಾಳವಾಗಿ ಸಾಕು.

ವಿಡಿಯೊದಲ್ಲಿ ಮೊದಲು ಟ್ಯಾಕೋಮೀಟರ್ ನೋಡಿ. ಹಳೇ ಗಾಡಿಯಲ್ಲಿ ಅದಕ್ಕೆ ಸಂಕೇತ ಬರುವುದು ಇಗ್ನಿಷನ್ ಕಾಯಿಲ್‌ನಿಂದ. ಗಾಡಿ ಗೇರ್‌ನಲ್ಲಿ ಉರುಳುತ್ತಿರುವವರೆಗೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಹಾಗಿದ್ದೂ ಸೂಜಿ ದಬಕ್ಕನೆ ಸೊನ್ನೆಗೆ ಬಿದ್ದರೆ ಕರೆಂಟ್ ಹೋಯಿತು ಅಂತ ಅರ್ಥ. ಎಂಜಿನ್ ಸದ್ದು ಕುಗ್ಗಿದರೂ ಸೂಜಿ ಗಾಡಿಯ ವೇಗಕ್ಕೆ ತಕ್ಕಂತೆ ಮೆಲ್ಲಗೆ ಇಳಿದರೆ ಕಾಯಿಲ್ ಕೆಲಸ ಮಾಡುತ್ತಿದೆ, ಪೆಟ್ರೋಲ್ ಕಡೆ ನೋಡಬೇಕು. ಈ ಒಂದೇ ಪರೀಕ್ಷೆ ಅರ್ಧ ಅನುಮಾನಗಳನ್ನು ಗುಡಿಸಿ ಹಾಕುತ್ತದೆ. ಬಿಡಿಗಾಸಿನ ಖರ್ಚಿಲ್ಲ.

ತಿರುಗಿಸಿದ ಕೂಡಲೇ ಸೋತರೆ: ಬೌಲ್

ಸ್ಟೀರಿಂಗ್ ತಿರುಗಿಸಿ ಗಾಡಿ ವಾಲಿದ ಅದೇ ಕ್ಷಣಕ್ಕೆ ಎಂಜಿನ್ ಕುಗ್ಗಿ, ನೇರ ಆದ ಕೂಡಲೇ ಸರಿಹೋದರೆ, ಆಗ ನಿಜಕ್ಕೂ ಕಾರ್ಬ್ಯುರೇಟರ್ ಬೌಲ್ ಮೇಲೆಯೇ ಅನುಮಾನ.

ಹಾಲಿಯಲ್ಲಿ ಮುಂದೊಂದು, ಹಿಂದೊಂದು ಬೌಲ್ ಇರುತ್ತದೆ. ಎರಡರಲ್ಲೂ ಪೆಟ್ರೋಲ್ ಹೊರಹೋಗುವ ಸಣ್ಣ ತೂತುಗಳು, ಅಂದರೆ ಜೆಟ್‌ಗಳು, ಕಾರ್ಬ್ಯುರೇಟರ್‌ನ ನಡುಭಾಗದ ಕಡೆಗಿನ ಗೋಡೆಯಲ್ಲಿ, ತಳದ ಹತ್ತಿರ, ಎಡಕ್ಕೊಂದು ಬಲಕ್ಕೊಂದು. ಬಲಕ್ಕೆ ತಿರುಗಿದಾಗ ಪೆಟ್ರೋಲ್ ಎಡಕ್ಕೆ ಓಡುತ್ತದೆ. ಬಲಗಡೆಯ ಜೆಟ್ ಒಣಗುತ್ತದೆ. ಆ ಪಕ್ಕದ ಬ್ಯಾರೆಲ್‌ಗಳಿಗೆ ಬರೀ ಗಾಳಿ.

ಕಾರ್ಬ್ಯುರೇಟರ್‌ನಿಂದ ಸಿಲಿಂಡರ್‌ಗೆ ಹೋಗುವ ದಾರಿ ಎರಡು ಪಾಲಾಗಿರುವ ಡ್ಯುಯಲ್ ಪ್ಲೇನ್ ಮ್ಯಾನಿಫೋಲ್ಡ್ ಇದ್ದರೆ ಒಂದು ಪಕ್ಕದ ಬ್ಯಾರೆಲ್‌ಗಳು ನಾಲ್ಕು ಸಿಲಿಂಡರ್‌ಗಳಿಗೆ ಮಾತ್ರ ಉಣಿಸುತ್ತವೆ. ಫೈರಿಂಗ್ ಆರ್ಡರ್ 1-8-4-3-6-5-7-2. ಒಂದು ಬಿಟ್ಟು ಒಂದು ತೆಗೆದುಕೊಂಡರೆ 1, 4, 6, 7 ಒಂದು ಗುಂಪು. 8, 3, 5, 2 ಇನ್ನೊಂದು. ಅಂದರೆ ಎಂಜಿನ್ ಪೂರ್ತಿ ಸಾಯುವುದಿಲ್ಲ. ಸಮಾನ ಅಂತರದಲ್ಲಿ ಉರಿಯುವ ನಾಲ್ಕು ಸಿಲಿಂಡರ್‌ಗಳ ಮೇಲೆ ಓಡುತ್ತದೆ. ಕಿವಿಗೆ ಅದು ಮಿಸ್ ಹೊಡೆದ ಹಾಗೆ ಕೇಳಿಸುವುದಿಲ್ಲ. ವಿ8 ಸದ್ದು ಹೋಗಿ ಒಂದು ದೊಡ್ಡ ನಾಲ್ಕು ಸಿಲಿಂಡರ್ ಗಾಡಿಯ ಸದ್ದು ಬರುತ್ತದೆ. ಒಮ್ಮೆ ಕೇಳಿದರೆ ಮರೆಯುವುದಿಲ್ಲ.

ಇಲ್ಲಿ ಹೊಗೆ ನೋಡಿ ಗಾಳಿ-ಪೆಟ್ರೋಲ್ ಮಿಶ್ರಣ ಹೇಳುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿರುವವರು ಹುಷಾರಾಗಿರಬೇಕು. ಈ ಎಂಜಿನ್‌ನಲ್ಲಿ ಬೆಸ ಸಂಖ್ಯೆಯ ಸಿಲಿಂಡರ್‌ಗಳು ಡ್ರೈವರ್ ಪಕ್ಕ (ಅಮೆರಿಕದ ಗಾಡಿಯಲ್ಲಿ ಎಡಗಡೆ), ಸರಿ ಸಂಖ್ಯೆಯವು ಆಚೆ ಪಕ್ಕ. ಹಾಗಾಗಿ 1-4-6-7 ಗುಂಪಿನ ಎರಡು ಈಚೆ, ಎರಡು ಆಚೆ. ಒಂದು ಪಕ್ಕದ ಹೊಗೆ ಪೈಪಿಗೆ, ಅಂದರೆ ಹೆಡರ್‌ಗೆ ಹಾಕಿದ ಸೆನ್ಸರ್‌ಗೆ ಕಾಣುವುದು ಹಸಿದ ಎರಡು, ಹೊಟ್ಟೆ ತುಂಬಿದ ಎರಡು ಸಿಲಿಂಡರ್‌ಗಳ ಕಲಬೆರಕೆ. "ಮಿಶ್ರಣದಲ್ಲಿ ಪೆಟ್ರೋಲ್ ಸ್ವಲ್ಪ ಕಡಿಮೆ ಆಯ್ತು ಅಷ್ಟೇ" ಅಂತ ಅದು ತೋರಿಸುತ್ತಿರುವಾಗ ಅರ್ಧ ಎಂಜಿನ್ ಉಪವಾಸ ಇರಬಹುದು. ಪ್ಲಗ್ ಬಿಚ್ಚಿ ಬಣ್ಣ ನೋಡುವುದರಿಂದಲೂ ಪ್ರಯೋಜನ ಇಲ್ಲ. ಎರಡು ಸೆಕೆಂಡಿನ ಬರ ಪ್ಲಗ್ ಮೇಲೆ ಓದುವಂಥ ಗುರುತು ಬಿಡುವುದಿಲ್ಲ.

ಈಗ ಬಲ, ಎಡದ ಪ್ರಶ್ನೆ. ಎರಡೂ ಕಡೆ ತಿರುಗಿದಾಗ ಒಂದೇ ಥರ ಸೋತರೆ ಬೌಲ್‌ನ ಮಟ್ಟ ಕಡಿಮೆ ಇರಬಹುದು. ಒಂದೇ ಕಡೆ ತಿರುಗಿದಾಗ ಸೋತರೆ ಬೌಲ್‌ನಲ್ಲಿ ತೇಲುತ್ತಾ ಮಟ್ಟ ಕಾಯುವ ಫ್ಲೋಟ್ ಯಾವ ಜಾತಿಯದ್ದು ನೋಡಿ. ಹಾಲಿಯಲ್ಲಿ ಫ್ಲೋಟ್ ಎರಡು ಥರ. ಪಕ್ಕದಲ್ಲಿ ಕೀಲು ಇರುವುದು ಒಂದು, ಮಧ್ಯದಲ್ಲಿ ತೂಗುವುದು ಇನ್ನೊಂದು. ಪಕ್ಕದ ಕೀಲಿನದ್ದು ಒಂದು ಕಡೆ ತಿರುಗಿದಾಗ ತಾನಾಗಿ ಮೇಲೇರಿ ಪೆಟ್ರೋಲ್ ಒಳಬಿಡುವ ನೀಡಲ್ ವಾಲ್ವ್ ಮುಚ್ಚುತ್ತದೆ, ಇನ್ನೊಂದು ಕಡೆ ತಿರುಗಿದಾಗ ಬೇಡದೇ ತೆರೆಯುತ್ತದೆ. ನೇರ ಓಡುವ ಡ್ರ್ಯಾಗ್ ಗಾಡಿಗೆ ಇದರಿಂದ ಬಾಧಕವಿಲ್ಲ. ಆಟೊಕ್ರಾಸ್‌ಗೆ ಮಧ್ಯದಲ್ಲಿ ತೂಗುವ ಫ್ಲೋಟ್ ಇರುವ ಬೌಲ್ ಹಾಕಿಸಿಕೊಳ್ಳುವುದೇ ವಾಸಿ. ಈ ಒಂದು ವಿಷಯದಲ್ಲಿ ಜಗ್ಗಾಡುತ್ತಾ ಸಮಯ ಕಳೆಯಬೇಡಿ.

ಮಟ್ಟ ನೋಡುವ ಕ್ರಮ ಹೀಗೆ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಲಲಿ. ಎಂಜಿನ್ ಐಡ್ಲಿಂಗ್‌ನಲ್ಲಿರಲಿ. ಬೌಲ್ ಪಕ್ಕದ ಸಣ್ಣ ಹಿತ್ತಾಳೆ ಸ್ಕ್ರೂ ಬಿಚ್ಚುವ ಮುಂಚೆ ಕೆಳಗೆ ಬಟ್ಟೆ ಹಿಡಿಯಿರಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಹಾಗಿರಲಿ. ಕೆಳಗಿರುವುದು ಕಾದ ಮ್ಯಾನಿಫೋಲ್ಡ್, ಮರೆಯಬೇಡಿ. ಪೆಟ್ರೋಲ್ ತೂತಿನ ಕೆಳ ಅಂಚಿಗೆ ಬಂದು ಒಸರಿದರೆ ಸಾಕು. ಹರಿದು ಬಂದರೆ ಮಟ್ಟ ಜಾಸ್ತಿ. ಒಸರದೇ ಇದ್ದರೆ ಕಡಿಮೆ. ಬೌಲ್ ಮೇಲಿನ ಲಾಕ್ ಸ್ಕ್ರೂ ಸಡಿಲಿಸಿ ಅದರ ಸುತ್ತ ಇರುವ ನಟ್ ತಿರುಗಿಸಬೇಕು. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಮಟ್ಟ ಇಳಿಯುತ್ತದೆ, ಎದುರು ದಿಕ್ಕಿಗೆ ಏರುತ್ತದೆ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ. ಲಾಕ್ ಸ್ಕ್ರೂ ಬಿಗಿದು, ಮಟ್ಟ ನೆಲೆ ನಿಲ್ಲಲು ಒಂದು ನಿಮಿಷ ಕೊಟ್ಟು ಮತ್ತೆ ನೋಡಿ.

ಬ್ರೇಕ್ ಹೊಡೆದಾಗ ಸೋಲುವುದು ಇದರ ದಾಯಾದಿ. ಆಗ ಪೆಟ್ರೋಲ್ ಮುಂದಕ್ಕೆ ನುಗ್ಗುತ್ತದೆ. ಹಿಂದಿನ ಬೌಲ್‌ನದು ವೆಂಟ್ (ಗಾಳಿ ಕಿಂಡಿ) ಮೂಲಕ ಉಕ್ಕಿ ಕಾರ್ಬ್ಯುರೇಟರ್ ಗಂಟಲಿಗೆ ಬೀಳುತ್ತದೆ. ಎಂಜಿನ್ ಉಸಿರು ಕಟ್ಟಿ, ಕಪ್ಪು ಹೊಗೆ ಬಿಟ್ಟು ಆಫ್ ಆಗುತ್ತದೆ. ಹಿಂದಿನ ಬೌಲ್ ಮಟ್ಟ ಸ್ವಲ್ಪ ಇಳಿಸಿ, ವೆಂಟ್ ವಿಸಲ್ ಅನ್ನುವ ಪ್ಲಾಸ್ಟಿಕ್ ತುಂಡು ಹಾಕಿ. ಹತ್ತರಲ್ಲಿ ಒಂಬತ್ತು ಗಾಡಿ ಅಲ್ಲಿಗೆ ಸರಿಹೋಗುತ್ತವೆ. ಹೋಗದಿದ್ದರೆ ಪ್ರೆಶರ್ ನೋಡಿ. ಹಾಲಿಗೆ 5ರಿಂದ 7 ಪಿಎಸ್‌ಐ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ನೀಡಲ್ ಮುಚ್ಚಿದರೂ ಪೆಟ್ರೋಲ್ ತಳ್ಳಿಕೊಂಡು ಬರುತ್ತದೆ.

ತಡವಾಗಿ ಸೋತರೆ: ಟ್ಯಾಂಕ್, ಪೈಪ್, ಪಂಪ್

ಎಂಜಿನ್ ತಿರುವಿನಲ್ಲಿ ಚೆನ್ನಾಗಿಯೇ ಇದ್ದು, ತಿರುವು ದಾಟಿ ಆಕ್ಸಿಲರೇಟರ್ ಪೂರ್ತಿ ಒತ್ತಿದ ಮೇಲೆ ಸೋತರೆ ತಪ್ಪು ಬೌಲ್‌ನದ್ದಲ್ಲ. ಬೌಲ್‌ಗೆ ಬರಬೇಕಾದದ್ದು ಬಂದಿಲ್ಲ.

ಲೆಕ್ಕ ಹಾಕಿ. 300 ಅಶ್ವಶಕ್ತಿಯ ಇಂಥ ಎಂಜಿನ್ ಪೂರ್ತಿ ಒತ್ತಿದಾಗ ಗಂಟೆಗೆ ಸುಮಾರು 150 ಪೌಂಡ್ ಪೆಟ್ರೋಲ್ ಕುಡಿಯುತ್ತದೆ. ಅಂದರೆ ಗಂಟೆಗೆ 95 ಲೀಟರ್ ಹತ್ತಿರ, ಸೆಕೆಂಡಿಗೆ 26 ಮಿಲಿಲೀಟರ್. ಬೌಲ್‌ಗಳಲ್ಲಿರುವ ದಾಸ್ತಾನು ಕೆಲವು ಸೆಕೆಂಡಿಗೆ ಮಾತ್ರ. ಟ್ಯಾಂಕ್‌ನಲ್ಲಿ ಪಿಕಪ್ ಗಾಳಿ ಹೀರಿದ ಸುದ್ದಿ ಎಂಜಿನ್‌ಗೆ ಮುಟ್ಟುವುದು ಆ ದಾಸ್ತಾನು ಕರಗಿದ ಮೇಲೆ. ಅದಕ್ಕೇ ದೋಷ ಒಂದು ತಿರುವಲ್ಲಿ, ಲಕ್ಷಣ ಇನ್ನೊಂದರಲ್ಲಿ.

ಪರೀಕ್ಷೆ ಸುಲಭ. ಟ್ಯಾಂಕ್ ತುಂಬಿಸಿ ಒಂದು ರನ್ ಮಾಡಿ. ತೊಂದರೆ ಮಾಯ ಆದರೆ ಟ್ಯಾಂಕೇ. ಭಾರ ಜಾಸ್ತಿ ಆಗುತ್ತೆ ಅಂತ ಕಾಲು ಟ್ಯಾಂಕ್‌ನಲ್ಲಿ ಓಡಿಸುವ ಚಾಳಿ ಎಲ್ಲರಿಗೂ ಇದೆ. ಈ ಕಮಾರೊದ ಟ್ಯಾಂಕ್ 18 ಗ್ಯಾಲನ್, ಸುಮಾರು 68 ಲೀಟರ್. ಕಾಲಿನಿಂದ ಅರ್ಧಕ್ಕೆ ಏರಿಸಿದರೆ ಸೇರುವುದು 12 ಕಿಲೋ ಚಿಲ್ಲರೆ. ಒಂದೂವರೆ ಟನ್ ತೂಗುವ ಗಾಡಿಗೆ ಅದೊಂದು ಲೆಕ್ಕವೇ? ಡಿಕ್ಕಿಯಲ್ಲಿರುವ ಹಳೇ ಜಾಕ್, ಸ್ಟೆಪ್ನಿ ತೆಗೆದಿಡಿ, ಸರಿಹೋಗುತ್ತದೆ. ಶಾಶ್ವತ ಪರಿಹಾರ ಬೇಕಾದರೆ ಪಿಕಪ್ ಸುತ್ತ ತಡೆಗೋಡೆ ಇರುವ ಟ್ಯಾಂಕ್ ಸಿಗುತ್ತದೆ.

ಟ್ಯಾಂಕ್ ತುಂಬಿದ್ದರೂ ಸೋತರೆ ಪಂಪ್‌ಗೆ ಮುಂಚಿನ ರಬ್ಬರ್ ಹೋಸ್ ನೋಡಿ. ಎಂಜಿನ್‌ಗೆ ಬಿಗಿದ ಮೆಕ್ಯಾನಿಕಲ್ ಪಂಪ್ ಆದರೆ ಹಿಂದಿನಿಂದ ಬರುವ ಆ ದಾರಿ ಪೂರ್ತಿ ಹೀರುವ ದಾರಿ. ಅಲ್ಲಿ ಬಿರುಕು ಬಿಟ್ಟರೆ ಹನಿ ತೊಟ್ಟಿಕ್ಕುವುದಿಲ್ಲ, ಒಳಕ್ಕೆ ಗಾಳಿ ಎಳೆಯುತ್ತದೆ. ಕೆಳಗೆ ನೆಲ ಒಣಗಿದೆ ಅಂತ ಹೋಸ್ ಚೆನ್ನಾಗಿದೆ ಅಂದುಕೊಳ್ಳಬೇಡಿ. ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಹಳೇ ಕಾಲದ ರಬ್ಬರ್ ತಡೆಯುವುದಿಲ್ಲ. ಬಗ್ಗಿಸಿದಾಗ ಸಣ್ಣ ಗೆರೆ ಕಂಡರೂ ಬದಲಾಯಿಸಿ. ಫಿಲ್ಟರ್ ಹೇಗೂ ಬದಲಾಯಿಸುತ್ತೀರಿ.

ಎರಡೂ ಸೇರಿಕೊಂಡ ಒಂದು ಪ್ರಕರಣ

ಮಿಷಿಗನ್‌ನಲ್ಲಿ ನನ್ನ ಗೆಳೆಯನೊಬ್ಬನ 1968ರ ಕಮಾರೊ ಹೀಗೇ ಕಾಡುತ್ತಿತ್ತು. ಬೆನ್ನು ಬೆನ್ನಿಗೆ ಎರಡು ದೊಡ್ಡ ಸ್ವೀಪರ್ (ಉದ್ದನೆಯ ತಿರುವು) ಇರುವ ಕೋರ್ಸ್ ಆದರೆ ಎರಡನೆಯದರಿಂದ ಹೊರಬರುವಾಗ ಎಂಜಿನ್ ಮುಕ್ಕರಿಸುತ್ತಿತ್ತು. ಬರೀ ಸ್ಲಾಲೊಮ್, ಅಂದರೆ ಸಾಲು ಕೋನ್‌ಗಳ ನಡುವೆ ಎಡಬಲ ಹಾಯುವುದು, ಇರುವ ಕೋರ್ಸ್‌ನಲ್ಲಿ ಏನೂ ಇಲ್ಲ. ಫ್ಲೋಟ್ ಏರಿಸಿ, ಇಳಿಸಿ ಆಗಿತ್ತು. ಫ್ಯೂಯಲ್ ಪಂಪ್ ಹೊಸದು ಬಂದಿತ್ತು. ಟ್ಯಾಂಕ್ ತುಂಬಿಸಿದರೂ ಅದೇ ಕಥೆ.

"ಕಾರ್ಬ್ಯುರೇಟರ್ ಕಿತ್ತೆಸೆದು ಇಂಜೆಕ್ಷನ್ ಹಾಕಿಸಿಬಿಡ್ತೀನಿ ಕಣೋ, ಸಾಕಾಗಿಹೋಗಿದೆ" ಅಂದ.

"ದುಡ್ಡು ಜಾಸ್ತಿ ಆಗಿದ್ರೆ ನಂಗೆ ಕೊಡು ಮಾರಾಯ. ಮೊದಲು ವಿಡಿಯೊ ತಗಿ" ಅಂದೆ.

ವಿಡಿಯೊದಲ್ಲಿ ಕಂಡದ್ದು ಇದು. ಮೊದಲ ಸ್ವೀಪರ್‌ನ ಅರ್ಧ ದಾಟುವಷ್ಟರಲ್ಲಿ ಆಯಿಲ್ ಸೂಜಿ ನಡುಗಿ, ಕುಸಿದು, ಹೆಚ್ಚುಕಮ್ಮಿ ತಳಕ್ಕೆ ಬಂತು. ಒಂದು ಗಳಿಗೆ ಬಿಟ್ಟು, ವೈಪರ್ ಪಕ್ಕದ ಫ್ಯೂಯಲ್ ಪ್ರೆಶರ್ ಗೇಜ್ 6ರಿಂದ ಇಳಿಯತೊಡಗಿತು. ಎಂಜಿನ್ ಇನ್ನೂ ಚೆನ್ನಾಗಿಯೇ ಓಡುತ್ತಿತ್ತು. ಎರಡನೇ ಸ್ವೀಪರ್‌ನಲ್ಲೂ ಹಾಗೇ. ಅದು ಮುಗಿದು ಅವನು ಆಕ್ಸಿಲರೇಟರ್ ಒತ್ತಿದ ಮೇಲೆ ಎಂಜಿನ್ ಕೆಮ್ಮಿತು. ಟ್ಯಾಕೋಮೀಟರ್ ಸೂಜಿ ಒಮ್ಮೆಯೂ ಸೊನ್ನೆಗೆ ಬೀಳಲಿಲ್ಲ.

ಆಯಿಲ್‌ಗೂ ಪೆಟ್ರೋಲ್‌ಗೂ ಏನು ಸಂಬಂಧ? ಅವನ ಗಾಡಿಯಲ್ಲಿದ್ದದ್ದು ಎಲೆಕ್ಟ್ರಿಕ್ ಪಂಪ್. ಅಪಘಾತ ಆಗಿ ಎಂಜಿನ್ ನಿಂತರೆ ಪಂಪ್ ಪೆಟ್ರೋಲ್ ಚೆಲ್ಲುತ್ತಾ ಇರಬಾರದು ಅಂತ ಅದರ ವೈರ್ ಆಯಿಲ್ ಪ್ರೆಶರ್ ಸ್ವಿಚ್ ಮೂಲಕ ಹೋಗಿತ್ತು. ಒಳ್ಳೆಯ ವ್ಯವಸ್ಥೆಯೇ. ತಿರುವಲ್ಲಿ ಆಯಿಲ್ ಪ್ರೆಶರ್ ಬಿದ್ದಾಗ ಸ್ವಿಚ್ ತನ್ನ ಕೆಲಸ ಮಾಡಿತು, ಪಂಪ್ ನಿಲ್ಲಿಸಿತು. ಬೌಲ್‌ಗಳ ದಾಸ್ತಾನಿನಿಂದಾಗಿ ಎಂಜಿನ್ ಇನ್ನಷ್ಟು ಹೊತ್ತು ಓಡಿತು. ಮೊದಲ ತಿರುವಲ್ಲಿ ಅರ್ಧ ಖಾಲಿ, ಎರಡನೆಯದರಲ್ಲಿ ಪೂರ್ತಿ.

ಗ್ರಿಡ್‌ನಲ್ಲಿ ಒಬ್ಬರು ಆ ಸ್ವಿಚ್ಚಿಗೆ ಒಂದು ತುಂಡು ವೈರ್ ಹಾಕಿ ಶಾರ್ಟ್ ಮಾಡಿಬಿಡಿ ಅಂತ ಸಲಹೆ ಕೊಟ್ಟರು. ಹಾಗೆ ಮಾಡಿದ್ದರೆ ಮುಕ್ಕರಿಕೆ ಅವತ್ತೇ ನಿಲ್ಲುತ್ತಿತ್ತು. ಆಯಿಲ್ ಇಲ್ಲದೆ ಬೇರಿಂಗ್ ಉಜ್ಜುವುದು ಮಾತ್ರ ಸದ್ದಿಲ್ಲದೆ ಮುಂದುವರಿಯುತ್ತಿತ್ತು. ಇಂಜೆಕ್ಷನ್ ಹಾಕಿಸಿದ್ದರೂ ಸುಖ ಇರಲಿಲ್ಲ. ಅದರಲ್ಲಿ ಬೌಲ್‌ನ ದಾಸ್ತಾನೇ ಇಲ್ಲ, ಪಂಪ್ ನಿಂತ ಕೂಡಲೇ ಎಂಜಿನ್ ಸೊರಗುತ್ತದೆ.

ಆಯಿಲ್ ಫಿಲ್ಟರ್ ಬಿಚ್ಚಿ, ಡಬ್ಬಿ ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು ನೋಡಿದೆವು. ಹೊಳೆಯುವ ಚೂರುಗಳಾಗಲೀ ತಾಮ್ರದ ಬಣ್ಣವಾಗಲೀ ಕಾಣಲಿಲ್ಲ. ಬೇರಿಂಗ್ ಉಳಿದಿತ್ತು. ಬಾಗಿಲಿರುವ ರೋಡ್ ರೇಸ್ ಪ್ಯಾನ್ ಹಾಕಿದ ಮೇಲೆ ಆಯಿಲ್ ಸೂಜಿ ತಿರುವಲ್ಲಿ ಅಲುಗಲಿಲ್ಲ, ಫ್ಯೂಯಲ್ ಪ್ರೆಶರ್ ಗೇಜೂ ಅಲುಗಲಿಲ್ಲ. ಕಾರ್ಬ್ಯುರೇಟರ್ ಅದೇ ಇದೆ.

ಟ್ಯಾಕೋಮೀಟರ್ ಸೊನ್ನೆಗೆ ಬಿದ್ದರೆ: ವೈರಿಂಗ್

ತೂಕ ಹಂಚಲು ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿದ ಗಾಡಿಗಳಲ್ಲಿ ಅರ್ಥ್ ಮೇಲೆ ಮೊದಲ ಅನುಮಾನ ಇರಲಿ. ಬ್ಯಾಟರಿಯ ನೆಗೆಟಿವ್ ಅಲ್ಲೇ ಬಾಡಿಗೆ ಬಿಗಿದಿರುತ್ತಾರೆ. ಎಂಜಿನ್‌ನಿಂದ ಬಾಡಿಗೆ ಬರಬೇಕಾದ ಪಟ್ಟಿ ಮಾತ್ರ ಐವತ್ತು ವರ್ಷ ಹಳೆಯದು, ಇಲ್ಲವೇ ಇರುವುದೇ ಇಲ್ಲ. ಮಲ್ಟಿಮೀಟರ್‌ನ ಒಂದು ತುದಿ ಎಂಜಿನ್ ಬ್ಲಾಕ್‌ಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಸ್ಟಾರ್ಟರ್ ತಿರುಗಿಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಸರಿ ಇಲ್ಲ.

ಆಮೇಲೆ ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್. ಕಾಯಿಲ್‌ನ ಕರೆಂಟ್ ಕಡಿಯುವ ಹಳೇ ಪಾಯಿಂಟ್ ತೆಗೆದು ಜನರಲ್ ಮೋಟರ್ಸ್‌ನ ಎಚ್‌ಇಐ ಅನ್ನುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದರೆ ಅದಕ್ಕೆ ಪೂರ್ತಿ 12 ವೋಲ್ಟ್ ಬೇಕು. ಪಾಯಿಂಟ್‌ಗೆಂದು ಕಾರ್ಖಾನೆಯಲ್ಲಿ ಹಾಕಿದ್ದ ರೆಸಿಸ್ಟೆನ್ಸ್ ವೈರನ್ನೇ ಜೋಡಿಸಿದ್ದರೆ ಮೇಲಿನ ಆರ್‌ಪಿಎಮ್‌ನಲ್ಲಿ ಕಿಡಿ ಸೊರಗುತ್ತದೆ. ಇನ್ನೊಂದು ಕಣ್ಣಿಗೆ ಬೀಳದ ಜಾಗ ಇದೆ. ಕಿಡಿಯ ಸಮಯ ಹಿಂದೆಮುಂದೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ಆಡಿದಾಗಲೆಲ್ಲ ಡಿಸ್ಟ್ರಿಬ್ಯೂಟರ್ ಒಳಗೆ ಕಿಡಿಗೆ ಸಂಕೇತ ಕೊಡುವ ಪಿಕಪ್ ಕಾಯಿಲ್‌ನ ಎರಡು ಸಣ್ಣ ವೈರ್‌ಗಳು ಬಗ್ಗುತ್ತವೆ. ವರ್ಷಗಟ್ಟಲೆ ಬಗ್ಗಿ, ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದರೂ ಒಳಗಿನ ತಾಮ್ರ ತುಂಡಾಗುತ್ತದೆ. ಓಮ್ ಮೀಟರ್ ಜೋಡಿಸಿ, ಕೈ ಪಂಪ್‌ನಿಂದ ವ್ಯಾಕ್ಯೂಮ್ ಕೊಡುತ್ತಾ ಬಿಡುತ್ತಾ ನೋಡಿ. 500ರಿಂದ 1500 ಓಮ್ ಒಳಗೆ ಒಂದೇ ಕಡೆ ನಿಲ್ಲಬೇಕು. ಕುಣಿದರೆ ಪಿಕಪ್ ಬದಲಾಯಿಸಿ. ಈ ದೋಷ ತಿರುವಿಗೆ ಅಂಟಿಕೊಂಡದ್ದಲ್ಲ, ಕಾಲು ಎತ್ತಿ ಮತ್ತೆ ಒತ್ತಿದಾಗ ಬರುವಂಥದ್ದು. ಆಟೊಕ್ರಾಸ್‌ನಲ್ಲಿ ಎರಡೂ ಒಟ್ಟಿಗೇ ಆಗುವುದರಿಂದ ತಿರುವಿನ ತಲೆಗೆ ಕಟ್ಟುತ್ತಾರೆ.

ಎಡಕ್ಕೆ ತಿರುಗಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ

ಇದು ಎಂಜಿನ್ನನ್ನು ಗಾಡಿಗೆ ಹಿಡಿದಿಡುವ ರಬ್ಬರ್ ಆಸರೆಯ, ಅಂದರೆ ಎಂಜಿನ್ ಮೌಂಟ್‌ನ ಸಹಿ. ಎಡಕ್ಕೆ ತಿರುಗಿದಾಗ ಎಂಜಿನ್ ಬಲಕ್ಕೆ ವಾಲುತ್ತದೆ. ಅದೇ ಹೊತ್ತಿಗೆ ಆಕ್ಸಿಲರೇಟರ್ ಒತ್ತಿದರೆ ಟಾರ್ಕ್ ಕೂಡ ಎಡಪಕ್ಕವನ್ನೇ ಮೇಲೆತ್ತುತ್ತದೆ. ಎಡ ಮೌಂಟಿನ ರಬ್ಬರ್ ಹರಿದಿದ್ದರೆ ಎಂಜಿನ್ ಎದ್ದು ವೈರ್, ಹೋಸ್, ಥ್ರಾಟಲ್ ಲಿಂಕೇಜ್ ಎಲ್ಲವನ್ನೂ ಜಗ್ಗುತ್ತದೆ. ಬರೀ ಮಿಸ್ ಹೊಡೆದರೆ ಪುಣ್ಯ. ಥ್ರಾಟಲ್ ತೆರೆದೇ ಸಿಕ್ಕಿಕೊಳ್ಳಬಹುದು. ಇದೇ ಕಾರಣಕ್ಕೆ ಜನರಲ್ ಮೋಟರ್ಸ್ 1971ರ ಕೊನೆಯಲ್ಲಿ ಸುಮಾರು 67 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿ, ಎಂಜಿನ್ ಏಳದಂತೆ ತಡೆ ಹಾಕಿಕೊಟ್ಟಿತ್ತು.

ನೋಡುವುದಕ್ಕೆ ಇಬ್ಬರು ಬೇಕು. ಬಾನೆಟ್ ಎತ್ತಿ. ಒಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿ ಗೇರ್ ಹಾಕಿ ಸ್ವಲ್ಪವೇ ಆಕ್ಸಿಲರೇಟರ್ ಕೊಡಲಿ. ಮ್ಯಾನ್ಯುಯಲ್ ಆದರೆ ಕ್ಲಚ್ ಅರ್ಧ ಬಿಡಲಿ. ಇನ್ನೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಮುಂದೆ ನಿಲ್ಲಬಾರದು. ಎಂಜಿನ್‌ನ ಡ್ರೈವರ್ ಪಕ್ಕ ಒಂದಿಂಚು ಎದ್ದರೂ ಮೌಂಟ್ ಹೋಗಿದೆ. ಬದಲಾಯಿಸುವಾಗ ರಬ್ಬರ್ ಹರಿದರೂ ಲೋಹ ಲೋಹವನ್ನು ಹಿಡಿದುಕೊಳ್ಳುವ ಥರದ ಮೌಂಟ್ ಕೇಳಿ ತೆಗೆದುಕೊಳ್ಳಿ.

ಸ್ಟಾರ್ಟ್ ಗೆರೆಯಲ್ಲೇ ಸೋತರೆ

ಇದು ತಿರುವಿನ ದೋಷವಲ್ಲ, ಬಿಸಿಯದ್ದು. ರನ್ ಮುಗಿಸಿ ಬಂದು ಗ್ರಿಡ್‌ನಲ್ಲಿ ನಿಂತಾಗ ಎಂಜಿನ್ನಿನ ಬಿಸಿ ಕಾರ್ಬ್ಯುರೇಟರ್‌ಗೆ ಏರಿ ಪೆಟ್ರೋಲ್ ಕುದಿಯುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ಬೇಗ ಆವಿ ಆಗುತ್ತದೆ. ನಿಂತಾಗ ಬಾನೆಟ್ ಎತ್ತಿಡಿ, ಕಾರ್ಬ್ಯುರೇಟರ್ ಕೆಳಗೆ ಬಿಸಿ ತಡೆಯುವ ಸ್ಪೇಸರ್ ಹಾಕಿ, ಪೈಪನ್ನು ಹೆಡರ್‌ನಿಂದ ದೂರ ಸರಿಸಿ. ಟ್ಯಾಂಕ್ ಮುಚ್ಚಳ ತೆಗೆದಾಗ ಗಾಳಿ ಒಳಕ್ಕೆ ಎಳೆದ ಸದ್ದು ಬಂದರೆ ಮುಚ್ಚಳದ ವೆಂಟ್ ಕಟ್ಟಿದೆ, ಇಲ್ಲವೇ ವೆಂಟ್ ಇಲ್ಲದ ಮುಚ್ಚಳ ಯಾರೋ ಹಾಕಿದ್ದಾರೆ.

ಸರಿಹೋಯಿತು ಅನ್ನುವ ಮುಂಚೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಫ್ಲೋಟ್ ಇಳಿಸಿ, ಹೋಸ್ ಬದಲಾಯಿಸಿ, ಅರ್ಥ್ ಬಿಗಿದು ಒಟ್ಟಿಗೇ ಓಡಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದೇ ದೂರು ಬಂದಾಗ ಮತ್ತೆ ಮೊದಲಿನಿಂದ ಶುರು.

ಪರೀಕ್ಷೆಯನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡಬೇಡಿ. ಅಲ್ಲಿ 1 ಜಿ ಬರುವಷ್ಟು ತಿರುಗಿಸಿದರೆ ಗಾಡಿ ರಸ್ತೆಯ ಮೇಲೆ ಉಳಿಯುವ ಭರವಸೆ ಇಲ್ಲ. ಬಹಳಷ್ಟು ಕಡೆ ಸ್ಥಳೀಯ ಕ್ಲಬ್‌ಗಳು ಟೆಸ್ಟ್ ಆಂಡ್ ಟ್ಯೂನ್ ದಿನ ಇಟ್ಟಿರುತ್ತವೆ. ಅಲ್ಲಿ ದುಂಡಗೆ ಸುತ್ತುವ ಸ್ಕಿಡ್‌ಪ್ಯಾಡ್ ಸಿಕ್ಕರೆ ಬಿಡಬೇಡಿ. ಅರ್ಧ ಟ್ಯಾಂಕ್‌ನಲ್ಲಿ ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಆಯಿಲ್ ಸೂಜಿ ಮೇಲೆ ಕಣ್ಣಿಟ್ಟು ಸುತ್ತಿ. ಎರಡೂ ಕಡೆ ಎಂಜಿನ್ ಸದ್ದು ಒಂದೇ ಥರ ಇದ್ದು, ಮೂರೂ ಸೂಜಿಗಳು ಇದ್ದಲ್ಲೇ ಇದ್ದರೆ ಆಮೇಲೆ ಕಾಲು ಟ್ಯಾಂಕ್‌ಗೆ ಇಳಿಸಿ ಮತ್ತೊಮ್ಮೆ ನೋಡಿ. ಎಷ್ಟು ಪೆಟ್ರೋಲ್‌ವರೆಗೆ ನಿಮ್ಮ ಗಾಡಿ ತಡೆಯುತ್ತದೆ ಅಂತ ಅಲ್ಲೇ ತಿಳಿಯುತ್ತದೆ. ಆ ಅಳತೆಯನ್ನು ಒಂದು ಟೇಪಿನ ಮೇಲೆ ಬರೆದು ಟ್ಯಾಂಕ್‌ನ ಮಟ್ಟ ತೋರಿಸುವ ಗೇಜ್ ಪಕ್ಕ ಅಂಟಿಸಿ. ಗಾಡಿ ಬೇರೆಯವರು ಓಡಿಸುವ ದಿನ ಅವರೂ ನೋಡಿಕೊಳ್ಳುತ್ತಾರೆ.